ಘಟ್ಟ ಇಳಿದು ಕಡಲಂಚಿಗೆ: ಗಾಡಿಯಲ್ಲೇ ಮಲಗಿ ಕಡಲಾಮೆ, ಹಕ್ಕಿ, ಡಾಲ್ಫಿನ್ ನೋಡುವ ಕೊಡಗಿನವರಿಗೆ ಮಾರ್ಗದರ್ಶಿ

ನಾವು ಸುಂಟಿಕೊಪ್ಪದ ಕಡೆಯವರು. ಕೊಡಗಿಗೆ ಕಡಲಿಲ್ಲ, ನಿಜ. ಆದರೆ ಮಡಿಕೇರಿಯಲ್ಲಿ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಮೀನೂಟ ಮಂಗಳೂರಿನಲ್ಲಿ ಆಗುತ್ತದೆ. ದೂರ ಸುಮಾರು 140 ಕಿಲೋಮೀಟರ್, ಅಷ್ಟೇ. ಹಳೆಯ ಟೆಂಪೋ ಟ್ರಾವೆಲರ್ ಒಂದರಲ್ಲಿ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿಕೊಂಡು ನಾನು, ನನ್ನ ಹೆಂಡತಿ, ಕೆಲವು ಸಲ ಅವಳ ತಮ್ಮ, ವರ್ಷಕ್ಕೊಮ್ಮೆಯಾದರೂ ಮಂಗಳೂರಿನಿಂದ ಕಾರವಾರದ ತನಕ ಹೋಗಿ ಬರುತ್ತೇವೆ.

"ಎಲ್ಲೆಲ್ಲಿ ಏನೇನು ಕಾಣುತ್ತೆ, ಒಂದು ಪಟ್ಟಿ ಕೊಡಿ" ಅಂತ ತುಂಬಾ ಜನ ಕೇಳಿದ್ದಾರೆ. ಪಟ್ಟಿಯಿಂದ ಜಾಸ್ತಿ ಪ್ರಯೋಜನವಿಲ್ಲ. ತೋಟಕ್ಕೆ ಆನೆ ಬಂದಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತದೆ ಹೇಳಿ? ಲೈನ್‌ಮನೆಯಿಂದ (ತೋಟದ ಕೆಲಸದವರ ಸಾಲು ಮನೆ) ಯಾರೋ ಫೋನ್ ಮಾಡುತ್ತಾರೆ, ಇಲ್ಲ ಪಕ್ಕದ ತೋಟದವರು ಪಟಾಕಿ ಹೊಡೆಯುತ್ತಾರೆ. ಕಡಲಂಚಿನಲ್ಲೂ ಹಾಗೇ. ಆಮೆ ಎಲ್ಲಿ ಹತ್ತಿತು, ಡಾಲ್ಫಿನ್ ಯಾವ ಹೊತ್ತಿಗೆ ಅಳಿವೆಗೆ (ನದಿ ಕಡಲು ಸೇರುವ ಕಡೆ) ಬರುತ್ತದೆ ಅನ್ನುವುದೆಲ್ಲ ಅಲ್ಲಿನ ಜನಕ್ಕೆ ಗೊತ್ತು. ಹಾಗಾಗಿ ಪ್ರಾಣಿ ನೋಡುವುದು, ಜನರ ಸ್ನೇಹ ಮಾಡುವುದು ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ಇಲ್ಲೇ ನಮಗೊಂದು ಪೇಚು. ವಲಸೆ ಹಕ್ಕಿಗಳು ಕರಾವಳಿಯಲ್ಲಿ ಇರುವುದು ನವೆಂಬರ್‌ನಿಂದ ಮಾರ್ಚ್ ತನಕ. ಕಡಲಾಮೆ ಮೊಟ್ಟೆ ಇಡಲು ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ನಮ್ಮ ಕಾಫಿ ಕೊಯ್ಲೂ ಆಗಲೇ! ರೊಬಸ್ಟಾ ಕಾಫಿ ಬೆಳೆಯುವವರಿಗೆ ಎರಡು ಸಂದಿ ಸಿಗುತ್ತವೆ. ಹುತ್ತರಿ (ನಮ್ಮ ಸುಗ್ಗಿ ಹಬ್ಬ) ಮುಗಿದು ರೊಬಸ್ಟಾ ಹಣ್ಣಾಗುವ ಮುಂಚೆ, ಡಿಸೆಂಬರ್‌ನಲ್ಲಿ ಒಂದು ವಾರ. ಇಲ್ಲವೇ ಕೊಯ್ಲು ಮುಗಿದು ಸ್ಪ್ರಿಂಕ್ಲರ್ ಹಾಕುವ ಗಡಿಬಿಡಿ ಶುರುವಾಗುವ ಮುಂಚೆ ಒಂದು ನಾಲ್ಕೈದು ದಿನ. ಡಿಸೆಂಬರ್‌ನಲ್ಲಿ ಹಕ್ಕಿ ಚೆನ್ನಾಗಿ ಸಿಗುತ್ತವೆ, ರಾತ್ರಿ ಸೆಖೆಯೂ ಕಡಿಮೆ. ಆಮೆ ಮರಿ ಕಡಲಿಗೆ ಇಳಿಯುವುದನ್ನು ನೋಡಬೇಕಂದ್ರೆ ಫೆಬ್ರವರಿ, ಮಾರ್ಚ್. ಏಪ್ರಿಲ್, ಮೇ ಬೇಡ. ಮಡಿಕೇರಿ ಚಳಿಗೆ ಒಗ್ಗಿದ ಮೈ ಆ ಸೆಖೆಗೆ ಗಾಡಿಯೊಳಗೆ ಬೆಂದು ಹೋಗುತ್ತದೆ.

ಗಾಡಿ: ಇಷ್ಟಿದ್ದರೆ ಸಾಕು

ಬೆಂಗಳೂರಿನಲ್ಲಿ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಸಿಗುತ್ತವೆ. ಒಂದು ಸಲ ಹಾಗೆ ಹೋಗಿ ನೋಡಿ, ಆಮೇಲೆ ಸ್ವಂತದ್ದು ಮಾಡಿಸುವ ಯೋಚನೆ ಮಾಡಿ. ಮಾಡಿಸುವುದಾದರೆ ಕೆಲಸ ಶುರು ಮಾಡುವ ಮುಂಚೆಯೇ ಆರ್‌ಟಿಒದಲ್ಲಿ ಕೇಳಿ, ಏನು ಬದಲಾಯಿಸಬಹುದು, ಆರ್‌ಸಿಯಲ್ಲಿ ಏನು ಸೇರಿಸಬೇಕು ಅಂತ. ಎಲ್ಲ ವೆಲ್ಡಿಂಗ್ ಆದಮೇಲೆ ಕೇಳಿದರೆ ಬರೀ ತಲೆನೋವು.

ಉಳಿದದ್ದು ಸರಳ. ಎಲ್ಲ ಕಿಟಕಿಗೂ ಸೊಳ್ಳೆ ಬಲೆ, ಎರಡು ಸಣ್ಣ ಫ್ಯಾನ್, 5 ಕೆಜಿಯ ಸಣ್ಣ ಗ್ಯಾಸ್ ಸಿಲಿಂಡರ್. ಓಡಿಸುವಾಗ ರೆಗ್ಯುಲೇಟರ್ ಬಂದ್ ಇರಬೇಕು, ಅಡುಗೆ ಮಾಡುವಾಗ ಕಿಟಕಿ ತೆರೆದಿರಬೇಕು. ಕುಡಿಯುವ ನೀರು ಬೇರೆ ಕ್ಯಾನ್‌ನಲ್ಲಿ ಇಡಿ, ಕಡಲಂಚಿನ ಬಾವಿ ನೀರು ಕೆಲವು ಕಡೆ ಉಪ್ಪುಪ್ಪು. ಪಾತ್ರೆ ತೊಳೆದ ನೀರಿಗೆ ಕೆಳಗೊಂದು ಮುಚ್ಚಿದ ಡಬ್ಬ ಕಟ್ಟಿ, ಅದನ್ನು ಮರಳಿಗೆ ಬಿಡಬೇಡಿ. ಟಾಯ್ಲೆಟ್‌ಗೆ ನಾವು ಪೆಟ್ರೋಲ್ ಬಂಕ್, ಬೀಚಿನ ಶೌಚಾಲಯ, ಪರಿಚಯವಾದ ಮನೆ ನಂಬಿಕೊಂಡೇ ಹೋಗುತ್ತೇವೆ. ರಾತ್ರಿಗೆ ಮಾತ್ರ ಒಂದು ಪೋರ್ಟಬಲ್ ಇದೆ. ಅದನ್ನು ಖಾಲಿ ಮಾಡುವ ಕೆಲಸ ಯಾರದ್ದು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ, ದಾರಿಯಲ್ಲಿ ಬೇಡ.

ಬೈನಾಕ್ಯುಲರ್ 8×42, ಅಂದರೆ 8 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. 10 ಪಟ್ಟಿನದ್ದು ಕೈಯಲ್ಲಿ ಜಾಸ್ತಿ ಅಲುಗಾಡುತ್ತದೆ, ಕಡಲ ಗಾಳಿಗಂತೂ ಇನ್ನೂ ಜಾಸ್ತಿ. ಟಾರ್ಚ್‌ಗೆ ಕೆಂಪು ಗಾಜು ಇಲ್ಲವೇ ಕೆಂಪು ಗ್ಲಾಸ್ ಪೇಪರ್. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು ಡಬ್ಬ ತುಂಬಿಸಿಕೊಳ್ಳಿ. ಅರ್ಧ ಕೆಜಿಯ ಹಾಗೆ ಕಟ್ಟಿದ ಕಾಫಿ ಪುಡಿ ಐದಾರು ಪೊಟ್ಟಣ, ಕರಿಮೆಣಸು, ಜೇನು, ಸಿಕ್ಕಿದರೆ ಕಿತ್ತಳೆ, ಒಂದೆರಡು ಸಣ್ಣ ಬಾಟಲಿ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ). ಇವು ಮಾರುವುದಕ್ಕಲ್ಲ, ಕೊಡುವುದಕ್ಕೆ.

ಘಾಟಿ ಇಳಿಯುವುದು

ಸಂಪಾಜೆ ಘಾಟಿ ಕಾರಿನಲ್ಲಿ ನೂರು ಸಲ ಇಳಿದಿದ್ದೀರಿ, ಗೊತ್ತು. ನೀರು ತುಂಬಿದ, ಮಂಚ ಕಪಾಟು ಹೊತ್ತ ಗಾಡಿಯಲ್ಲಿ ಅದು ಬೇರೆಯೇ ರಸ್ತೆ. ಮೊದಲ ಸಲ ನಾನು ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿದೆ. ಕೊಯನಾಡು ಮುಟ್ಟುವ ಹೊತ್ತಿಗೆ ರಬ್ಬರ್ ಸುಟ್ಟ ವಾಸನೆ, ಪೆಡಲ್ ಮೆತ್ತಗೆ. ಅರ್ಧ ಗಂಟೆ ಪಕ್ಕಕ್ಕೆ ಹಾಕಿ ಕೂತೆವು. ಸೆಕೆಂಡ್ ಗೇರ್‌ನಲ್ಲಿ ಇಂಜಿನ್ ಹಿಡಿತದಲ್ಲೇ ಇಳಿಸಿ, ಬ್ರೇಕ್ ತಿರುವಿಗೆ ಮಾತ್ರ. ಟ್ಯಾಂಕನ್ನು ಮಡಿಕೇರಿಯಲ್ಲಿ ಅರ್ಧ ತುಂಬಿಸಿ, ಉಳಿದದ್ದು ಸುಳ್ಯದಲ್ಲಿ. ಮಳೆಗಾಲದಲ್ಲಿ ಈ ಗಾಡಿ ತೆಗೆಯುವುದೇ ಬೇಡ, 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಹೇಗೆ ಕುಸಿಯಿತು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ.

ಘಾಟಿ ಮುಗಿದಮೇಲೆ ಪಯಸ್ವಿನಿ ಜೊತೆಗೇ ಬರುತ್ತದೆ. ಸುಳ್ಯದ ತನಕ ಅರೆಭಾಷೆ ಕೇಳಿಸುತ್ತದೆ, ಇನ್ನೂ ಮನೆಯಲ್ಲೇ ಇದ್ದ ಹಾಗೆ. ಪುತ್ತೂರು ದಾಟಿ ಮಾಣಿ, ಬಿ.ಸಿ. ರೋಡ್, ಅಲ್ಲಿಂದ ಮಂಗಳೂರು. ಮುಂದೆ ಹೆದ್ದಾರಿ 66 ಹಿಡಿದರೆ ಕಾರವಾರದ ತನಕ ಅದೇ ದಾರಿ, ಸುಮಾರು 270 ಕಿಲೋಮೀಟರ್. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ. ಎಲ್ಲರೂ ಅಲ್ಲಿ ಇಳಿದು ಫೋಟೋ ತೆಗೆಯುತ್ತಾರೆ, ನೀವೂ ತೆಗೆಯಿರಿ, ಆದರೆ ರಾತ್ರಿ ಅಲ್ಲಿ ಗಾಡಿ ಹಾಕಬೇಡಿ. ಲಾರಿಗಳ ಹಾರ್ನ್‌ಗೆ ನಿದ್ದೆ ಬರುವುದಿಲ್ಲ.

ಜಾಗ ಹಿಡಿಯುವುದು, ಎರಡು ರಾತ್ರಿಯ ಲೆಕ್ಕ

ದಿನಕ್ಕೊಂದು ಬೀಚ್ ಅಂತ ಓಡಿದರೆ ಏನೂ ಸಿಗುವುದಿಲ್ಲ. ಇಡೀ ವಾರಕ್ಕೆ ಮೂರೇ ಜಾಗ ಇಟ್ಟುಕೊಳ್ಳಿ, ಒಂದೊಂದರಲ್ಲಿ ಕಡಿಮೆ ಅಂದರೆ ಎರಡು ರಾತ್ರಿ. ಮೊದಲ ದಿನ ಊರಿನವರು ನಿಮ್ಮನ್ನು ನೋಡುತ್ತಾರೆ, ಅಷ್ಟೇ. ಎರಡನೇ ದಿನ ಬೆಳಿಗ್ಗೆ ಅದೇ ಗಾಡಿ ಅಲ್ಲೇ ಇದೆ, ಅದೇ ಜನ ಕಾಫಿ ಕುಡಿಯುತ್ತಾ ಕೂತಿದ್ದಾರೆ ಅಂದಾಗ ಒಬ್ಬರಾದರೂ ಹತ್ತಿರ ಬಂದು "ಎಲ್ಲಿಂದ?" ಅಂತ ಕೇಳುತ್ತಾರೆ. ಹಕ್ಕಿಗಳೂ ಹಾಗೇ. ಮೊದಲ ದಿನ ಗಾಡಿ ಕಂಡರೆ ಹಾರುವ ಬೆಳ್ಳಕ್ಕಿ ಎರಡನೇ ದಿನ ಅದರ ನೆರಳಿನಲ್ಲೇ ನಿಂತಿರುತ್ತದೆ.

ನಮ್ಮ ಮೂರು ಜಾಗ: ಕುಂದಾಪುರದ ಕೋಡಿ ಸುತ್ತಮುತ್ತ, ಹೊನ್ನಾವರ ಕುಮಟಾ ನಡುವೆ ಎಲ್ಲಾದರೂ, ಕೊನೆಗೆ ಕಾರವಾರ. ಗಾಡಿಯನ್ನು ಮರಳಿಗೆ ಇಳಿಸಲೇಬೇಡಿ. ಹೂತು ಹೋಗುತ್ತದೆ ಅನ್ನುವುದು ಒಂದು, ಆ ಮರಳಿನ ಒಂದೂವರೆ ಅಡಿ ಕೆಳಗೆ ಆಮೆಯ ನೂರು ಮೊಟ್ಟೆ ಇರಬಹುದು ಅನ್ನುವುದು ಇನ್ನೊಂದು. ರಸ್ತೆ ಬದಿ, ಮನೆಯೊಂದರ ಅಂಗಳ, ದೇವಸ್ಥಾನದ ಮೈದಾನ, ಹೋಂಸ್ಟೇ ಕಾಂಪೌಂಡ್, ಇವೇ ನಮ್ಮ ಕ್ಯಾಂಪ್. ಕತ್ತಲಾಗುವ ಒಂದು ಗಂಟೆ ಮುಂಚೆ ಹೋಗಿ, ಹತ್ತಿರದ ಮನೆಯಲ್ಲಿ ಕೇಳಿ. ಹೀಗೆ ಕೇಳಿ: "ಅಕ್ಕಾ, ನಾವು ಮಡಿಕೇರಿ ಕಡೆಯವರು, ಎರಡು ರಾತ್ರಿ ಗಾಡಿ ಇಲ್ಲಿ ಹಾಕಬಹುದಾ? ಅಡುಗೆ ನಮ್ಮದೇ ಇದೆ, ಕಸ ನಾವೇ ಒಯ್ಯುತ್ತೇವೆ." ಮಡಿಕೇರಿ ಅಂದ ಕೂಡಲೇ ಮುಂದಿನ ಪ್ರಶ್ನೆ "ಅಲ್ಲಿ ಈಗ ಚಳಿ ಎಷ್ಟು?" ಅಲ್ಲಿಗೆ ಅರ್ಧ ಕೆಲಸ ಆಯ್ತು. ಬೇಡ ಅಂದರೆ ಒತ್ತಾಯ ಮಾಡಬೇಡಿ. ನಾವು ಹತ್ತಿರದ ಠಾಣೆಗೂ ಗಾಡಿ ನಂಬರ್ ಹೇಳಿ ಇಡುತ್ತೇವೆ, ರಾತ್ರಿ ಯಾರಾದರೂ ಬಾಗಿಲು ಬಡಿದರೆ ಉತ್ತರ ಸುಲಭ.

ಕಡಲಿನ ಗಡಿಯಾರ ಕಲಿಯಿರಿ

ನಮ್ಮ ಕಡೆಯವರಿಗೆ ಹೊಸದು ಅಂದರೆ ಇದೇ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಇವತ್ತು 7ಕ್ಕೆ ಪೂರ್ತಿ ಇಳಿತ ಆಗಿದ್ದರೆ ನಾಳೆ ಅದು ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಫೋನಿನಲ್ಲಿ ವೇಳಾಪಟ್ಟಿ ಸಿಗುತ್ತದೆ, ಆದರೆ ಮೀನುಗಾರರನ್ನು ಕೇಳಿ, ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಇಳಿತದ ಹೊತ್ತಿಗೆ ಅಳಿವೆಯ ಕೆಸರು ಮೇಲೆ ಬರುತ್ತದೆ, ಹಕ್ಕಿಗಳು ಹುಳ, ಚಿಪ್ಪು ಹೆಕ್ಕಲು ಇಳಿಯುತ್ತವೆ, ಆದರೆ ಚೆಲ್ಲಾಪಿಲ್ಲಿಯಾಗಿ ದೂರ ದೂರ. ನೀರು ಏರುತ್ತಾ ಬಂದ ಹಾಗೆ ಅವೆಲ್ಲ ದಡದ ಕಡೆಗೆ ಸರಿಯುತ್ತವೆ. ಪೂರ್ತಿ ಉಬ್ಬರಕ್ಕೆ ಒಂದು ಗಂಟೆ ಮುಂಚೆ ಹೋಗಿ ಸುಮ್ನೆ ಕೂತರೆ ನೀವು ನಡೆಯಬೇಕಾಗಿಲ್ಲ, ಅವೇ ಬರುತ್ತವೆ.

ಇದಕ್ಕೆ ಅಘನಾಶಿನಿಯ ಅಳಿವೆಗಿಂತ ಒಳ್ಳೆಯ ಜಾಗ ನಾನು ನೋಡಿಲ್ಲ. ಈ ನದಿಗೆ ಎಲ್ಲೂ ಅಣೆಕಟ್ಟು ಇಲ್ಲ. 2024ರಲ್ಲಿ ಇದರ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ಬದುವಿನ ಮೇಲೆ ನಿಂತರೆ ಬೆಳ್ಳಕ್ಕಿ, ಮಿಂಚುಳ್ಳಿ, ಮರಳಿನ ಬಣ್ಣದ ಪುಟಾಣಿ ಗೊರವಗಳು. ಇಳಿತಕ್ಕೆ ಜನ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು (ಚಿಪ್ಪು ಮೀನು) ಹೆಕ್ಕುತ್ತಾರೆ, ಅವರಿಂದ ಸ್ವಲ್ಪ ದೂರದಲ್ಲೇ ಹಕ್ಕಿಗಳೂ ಅದೇ ಕೆಲಸದಲ್ಲಿ ಇರುತ್ತವೆ. ಚಳಿಗಾಲದಲ್ಲಿ ಕಾಣುವ ಕಂದು ತಲೆಯ ಕಡಲಕ್ಕಿ (ಗಲ್) ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಇಲ್ಲಿಗೆ ಬರುವಂಥದ್ದು. ಚಳಿಗಾಲದಲ್ಲಿ ಅದರ ತಲೆ ಕಂದು ಇರುವುದೇ ಇಲ್ಲ, ಬೆಳ್ಳಗಿದ್ದು ಕಿವಿಯ ಹತ್ತಿರ ಒಂದು ಚುಕ್ಕೆ ಮಾತ್ರ. ಹೆಸರು ನೋಡಿ ಹುಡುಕಿದರೆ ಮೋಸ ಹೋಗುತ್ತೀರಿ. ಬೈಲುಕುಪ್ಪೆಯ ಪಕ್ಕದವರು ನಾವು, ಟಿಬೆಟ್‌ನಿಂದ ಬಂದವರು ನಮಗೇನು ಹೊಸಬರಲ್ಲ ಅಂತ ನನ್ನ ಹೆಂಡತಿ ಪ್ರತಿ ಸಲ ಹೇಳುತ್ತಾಳೆ.

ಕಡಲಾಮೆ: ಇಲ್ಲಿ ಸ್ವಲ್ಪ ನಿಧಾನ

ನಮ್ಮ ಕರಾವಳಿಗೆ ಮುಖ್ಯವಾಗಿ ಬರುವುದು ಆಲಿವ್ ರಿಡ್ಲೆ. ಚಿಪ್ಪು ಎರಡು ಅಡಿ ಚಿಲ್ಲರೆ ಉದ್ದ. ರಾತ್ರಿ ಹತ್ತಿ ಬಂದು ಮರಳು ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು ಮುಚ್ಚಿ ವಾಪಸ್ ಹೋಗುತ್ತದೆ. 45ರಿಂದ 60 ದಿನಕ್ಕೆ ಮರಿ. ಮರಳು ಬಿಸಿ ಜಾಸ್ತಿ ಇದ್ದರೆ ಹೆಣ್ಣು ಜಾಸ್ತಿ, ತಂಪಿದ್ದರೆ ಗಂಡು.

ನೋಡುವುದು ಹೇಗೆ? ಬೆಳಕು ಹರಿಯುವ ಮುಂಚೆ, ನಾಯಿ ಜನ ಓಡಾಡುವ ಮುಂಚೆ, ನೀರಿನ ಗೆರೆಯ ಪಕ್ಕ ಒಂದೆರಡು ಕಿಲೋಮೀಟರ್ ನಡೆಯಿರಿ. ಸಣ್ಣ ಟ್ರ್ಯಾಕ್ಟರ್ ಟಯರ್ ಎಳೆದ ಹಾಗೆ ಒಂದು ಗುರುತು ಕಡಲಿನಿಂದ ಮೇಲೆ ಹೋಗಿ, ಸ್ವಲ್ಪ ಪಕ್ಕದಲ್ಲೇ ಕೆಳಗೆ ಬಂದಿರುತ್ತದೆ. ಎಡಗೈ ಬಲಗೈ ಒಂದಾದ ಮೇಲೊಂದು ಇಟ್ಟ ಗುರುತಾದರೆ ರಿಡ್ಲೆ. ಎರಡೂ ಒಟ್ಟಿಗೆ ಸಮಸಮ ಒತ್ತಿದ್ದರೆ ಬೇರೆ ಜಾತಿ, ಹಸಿರು ಆಮೆ ಹಾಗೆ ನಡೆಯುತ್ತದೆ. ಗುರುತು ಎಲ್ಲಿ ತಿರುಗಿದೆಯೋ ಅಲ್ಲಿ ಮರಳು ಕದಡಿರುತ್ತದೆ. ಅಲ್ಲಿಗೆ ನಿಲ್ಲಿ. ತೋಡಬೇಡಿ, ಕೋಲು ಚುಚ್ಚಬೇಡಿ. ಊರಿನವರಿಗೆ ಹೇಳಿ, ಇಲ್ಲ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇದು ಮೊದಲ ಪಟ್ಟಿಯ ಪ್ರಾಣಿ, ಹುಲಿ ಆನೆಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಕೋಡಿಯಲ್ಲಿ, ಹೊನ್ನಾವರದ ಕಾಸರಕೋಡು ಟೊಂಕದ ಕಡೆ ಗೂಡಿಗೆ ಬಲೆ ಕಟ್ಟಿ ಕಾಯುತ್ತಾರೆ. ಮರಿ ಬಿಡುವ ದಿನ ಅವರ ಹತ್ತಿರ ಕೇಳಿ ಹೋಗಬಹುದು. ಮರಿಯನ್ನು ಕೈಯಲ್ಲಿ ಹಿಡಿದು ನೀರಿಗೆ ಹಾಕುವ ಆಸೆ ಬೇಡ, ಅದು ತಾನೇ ನಡೆದು ಹೋಗಲಿ.

ಇನ್ನು ಬೆಳಕಿನ ವಿಷಯ. ಮರಿಗಳು ಕಡಲನ್ನು ಗುರುತಿಸುವುದು ಅದು ದಡಕ್ಕಿಂತ ಬೆಳ್ಳಗೆ ಹೊಳೆಯುತ್ತದೆ ಅಂತ. ದಡದಲ್ಲಿ ಬಲ್ಬ್ ಉರಿದರೆ ಅವು ರಸ್ತೆ ಕಡೆ ತಿರುಗುತ್ತವೆ. ತಾಯಿ ಆಮೆಯೂ ಬೆಳಕು ಕಂಡರೆ ಹತ್ತದೆ ವಾಪಸ್ ಹೋಗಬಹುದು. ಟಾರ್ಚ್‌ಗೆ ಕೆಂಪು ಗಾಜು ಅಂದದ್ದು ಇದಕ್ಕೇ, ಕೆಂಪು ಬೆಳಕು ಅವಕ್ಕೆ ಕಡಿಮೆ ಕಾಣುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಮೊದಲ ವರ್ಷ ಗಾಡಿಯ ಸುತ್ತ ಹಳದಿ ಸೀರಿಯಲ್ ಸೆಟ್ ಕಟ್ಟಿ, ಹಬ್ಬದ ಹಾಗೆ ಕೂತಿದ್ದೆವು. ಒಂಬತ್ತು ಗಂಟೆಗೆ ವಯಸ್ಸಾದ ಹೆಂಗಸೊಬ್ಬರು ತೆಂಗಿನ ತೋಟದೊಳಗಿಂದ ಬಂದರು. ತಲೆಗೆ ಟವೆಲ್, ಕೈಯಲ್ಲಿ ಟಾರ್ಚ್ ಇದೆ ಆದರೆ ಹೊತ್ತಿಸಿಲ್ಲ. "ಹ್ವಾಯ್, ಆ ಲೈಟ್ ಒಂಚೂರ್ ಆಫ್ ಮಾಡಿ ಕಾಂಬ. ಆಮಿ ಬಪ್ಪು ಹೊತ್ತ್" ಅಂದರು. ಮುಖ ಕೆಂಪಾಯ್ತು. ಆರಿಸಿದೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೋಡಿದರೆ ನಮ್ಮ ಮೆಟ್ಟಿಲ ಹತ್ತಿರವೇ ಏಳೆಂಟು ಮರಳು ಏಡಿಗಳು, ಕಣ್ಣು ಎತ್ತಿ ನಿಂತಿವೆ. ಆ ಹೆಂಗಸು ಅಲ್ಲೇ ಕೂತು ಒಂದು ಗಂಟೆ ಮಾತಾಡಿದರು. ಅವತ್ತು ಆಮೆ ಬರಲಿಲ್ಲ. ಈಗಲೂ ಕುಂದಾಪುರ ದಾಟಿದರೆ ಮೊದಲ ಕಾಫಿ ಪೊಟ್ಟಣ ಅವರ ಮನೆಗೇ.

ಮೀನಿನ ತಲೆ, ಕರುಳನ್ನೂ ಗಾಡಿ ಪಕ್ಕ ಎಸೆಯಬೇಡಿ. ನಾಯಿ ಸೇರುತ್ತವೆ, ರಾತ್ರಿ ನರಿಯೂ ಬರುತ್ತದೆ. ಆಮೆ ಗೂಡು ತೋಡುವವರು ಇವರೇ, ಉಡದ ಜೊತೆ. ಡಬ್ಬದಲ್ಲಿ ಹಾಕಿ ಮುಚ್ಚಿ ಇಡಿ. ವಾಸನೆ ಬರುತ್ತದೆ, ಏನು ಮಾಡುವುದು.

ಡಾಲ್ಫಿನ್, ಕಡಲ ಹದ್ದು, ನೀರುನಾಯಿ

ಡಾಲ್ಫಿನ್‌ಗೆ ಕಾರವಾರ. ಕಾಳಿ ನದಿ ಕಡಲು ಸೇರುವ ಕಡೆ, ದಡಕ್ಕೆ ಹತ್ತಿರವೇ ಬರುವುದು ಗೂನು ಬೆನ್ನಿನ ಜಾತಿ. ಬೆಳಿಗ್ಗೆ ಗಾಳಿ ಏಳುವ ಮುಂಚೆ, ನೀರು ಎಣ್ಣೆ ಸುರಿದ ಹಾಗಿರುವಾಗ, ಎತ್ತರದಲ್ಲಿ ಕೂತು ಒಂದೇ ಕಡೆ ನೋಡುತ್ತಿರಿ. ಟೀವಿಯಲ್ಲಿ ತೋರಿಸಿದ ಹಾಗೆ ಇವು ಹಾರುವುದು ಅಪರೂಪ. ಬೂದು ಬೆನ್ನೊಂದು ಮೆಲ್ಲಗೆ ಮೇಲೆ ಬಂದು ಉರುಳಿ ಒಳಗೆ ಹೋಗುತ್ತದೆ, ಅಷ್ಟೇ. ದೋಣಿಯಲ್ಲಿ ಹೋಗುವುದಾದರೆ ಹತ್ತುವ ಮುಂಚೆಯೇ ಹೇಳಿ: ಅಟ್ಟಿಸಿಕೊಂಡು ಹೋಗುವುದು ಬೇಡ, 50 ಮೀಟರ್ ದೂರದಲ್ಲೇ ಇಂಜಿನ್ ನಿಲ್ಲಿಸಿ. ದೋಣಿಯವರಿಗೆ ಡೀಸೆಲ್ ಉಳಿಯುತ್ತದೆ, ಬೇಡ ಅನ್ನುವುದಿಲ್ಲ.

ಗಾಳಿಮರದ ತುದಿ ನೋಡುತ್ತಿರಿ. ಕಟ್ಟಿಗೆ ರಾಶಿಯಂಥ ಗೂಡು ಕಂಡರೆ ಅದು ಬಿಳಿ ಹೊಟ್ಟೆಯ ಕಡಲ ಹದ್ದಿನದು, ವರ್ಷ ವರ್ಷ ಅದಕ್ಕೇ ಕಟ್ಟಿಗೆ ಸೇರಿಸುತ್ತದೆ. ಗರುಡನನ್ನು ಎಲ್ಲರೂ ಗುರುತಿಸುತ್ತಾರೆ. ನೀರುನಾಯಿಯನ್ನು ಕಾವೇರಿ ದಡದಲ್ಲಿ ನೋಡಿರುತ್ತೀರಿ, ಹಿನ್ನೀರಿನಲ್ಲೂ ಇದೆ. ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಕಂಡರೆ ಮರುದಿನ ಬೆಳಿಗ್ಗೆ ಅಲ್ಲೇ ಕಾಯಿರಿ.

ರಂಪಣಿಗೆ ಕೈ ಕೊಡಿ

ಸ್ನೇಹಕ್ಕೆ ಇದು ಅತಿ ಒಳ್ಳೆಯ ದಾರಿ. ಕೈರಂಪಣಿ ಅಂದರೆ ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಲ್ಲಿ ಎರಡು ಗುಂಪು ಹಿಡಿದು ಎಳೆಯುವುದು. ಫೋನ್ ಜೇಬಿಗೆ ಹಾಕಿ, "ಅಣ್ಣ, ನಾವೂ ಹಿಡಿಯಬಹುದಾ?" ಅಂತ ಕೇಳಿ. ಬೇಡ ಅಂದವರನ್ನು ನಾನು ನೋಡಿಲ್ಲ, ನಕ್ಕವರನ್ನು ನೋಡಿದ್ದೇನೆ. ಅಂಗೈಗೆ ಟವೆಲ್ ಸುತ್ತಿಕೊಳ್ಳಿ. ಒದ್ದೆ ಹಗ್ಗಕ್ಕೆ ಮರಳು ಅಂಟಿರುತ್ತದೆ, ಹತ್ತು ನಿಮಿಷಕ್ಕೆ ಚರ್ಮ ಸುಲಿಯುತ್ತದೆ. ತೋಳಿನಿಂದ ಎಳೆಯಬೇಡಿ, ಮೈಯ ಭಾರ ಹಿಂದಕ್ಕೆ ಹಾಕಿ ಹೆಜ್ಜೆ ಹೆಜ್ಜೆಯಾಗಿ ಹಿಂದೆ ನಡೆಯಿರಿ, ಪಕ್ಕದವರ ಉಸಿರಿಗೆ ಸರಿಯಾಗಿ. ಬಲೆ ಹತ್ತಿರ ಬಂದ ಹಾಗೆ ಎರಡೂ ಗುಂಪು ಒಂದರ ಕಡೆ ಒಂದು ಸರಿಯುತ್ತವೆ, ಮೇಲೆ ಗರುಡ, ಕಡಲಕ್ಕಿ ಸುತ್ತಲು ಶುರು.

ಬಲೆ ಮೇಲೆ ಬಂದಾಗ ಮಾತ್ರ ಕೈ ಹಾಕಬೇಡಿ. ಬಂಗುಡೆ, ಬೂತಾಯಿ ನಡುವೆ ಕಡಲ ಹಾವು ಇರಬಹುದು. ಬಾಲ ಹುಟ್ಟಿನ ಹಾಗೆ ಚಪ್ಪಟೆ, ವಿಷ ಜೋರು. ಬಲೆಯವರೇ ಅದನ್ನು ಬಿಡಿಸಿ ನೀರಿಗೆ ಎಸೆಯುತ್ತಾರೆ. ತೊರಕೆ ಮೀನಿನ ಬಾಲದ ಮುಳ್ಳೂ ಕೆಟ್ಟದ್ದು. ಏನು ಏನು ಬಂತು ಅಂತ ಕೇಳುತ್ತಾ ನಿಲ್ಲಿ. ಪ್ರತಿ ಮೀನಿಗೂ ಅಲ್ಲೊಂದು ಹೆಸರು, ಕುಮಟಾ ದಾಟಿದರೆ ಇನ್ನೊಂದು. ಬೂತಾಯಿ ಅಲ್ಲಿ ತಾರ್ಲೆ ಆಗುತ್ತದೆ. ಕೊನೆಗೆ ನಾಲ್ಕು ಮೀನು ನಿಮ್ಮ ಕೈಗೂ ಬರುತ್ತದೆ. ದುಡ್ಡು ಕೊಡಲು ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ, ಡಬ್ಬ ತಂದಿದ್ದೀರಲ್ಲ, ಅದನ್ನು ತೆಗೆಯಿರಿ.

ಕುಮಟಾ ಹತ್ತಿರ ಹೀಗೆ ಒಂದು ಮನೆಗೆ ಕಾಚಂಪುಳಿ ಕೊಟ್ಟೆವು, ನಮ್ಮ ಕಡೆ ಹಂದಿಗೆ ಹಾಕುತ್ತೇವೆ, ಮೀನಿಗೂ ಆಗುತ್ತದೆ ಅಂತ ವಿವರಿಸಿ. ಆ ಮನೆಯ ಅಕ್ಕ ಬಿರಡೆ ತೆಗೆದು ಮೂಸಿ, ಬೆರಳ ತುದಿಗೆ ಹಚ್ಚಿ ನೆಕ್ಕಿ, "ಇದು ನಮ್ಮ ಉಪ್ಪಾಗೆ ಹುಳಿಯೇ ಅಲ್ವಾ" ಅಂದರು. ಹೌದು, ಅದೇ ಹಣ್ಣು. ಅವರು ಸಿಪ್ಪೆ ಒಣಗಿಸುತ್ತಾರೆ, ನಾವು ರಸ ಕುದಿಸಿ ಕಪ್ಪು ಮಾಡುತ್ತೇವೆ.

ದಾರಿಯಲ್ಲಿ ಬೇರೆ ಕ್ಯಾಂಪರ್‌ನವರೂ ಸಿಗುತ್ತಾರೆ. ಅವರ ಗಾಡಿಯಿಂದ ಸ್ವಲ್ಪ ದೂರ ಬಿಟ್ಟು ನಿಲ್ಲಿಸಿ, ಜನರೇಟರ್ ಹಾಕಬೇಡಿ, ಸಂಜೆ ಕಾಫಿಗೆ ಕರೆಯಿರಿ. ಅಷ್ಟು ಸಾಕು.

ವಾಪಸ್ ಬಂದ ಮೇಲೆ

ಮನೆ ಮುಟ್ಟಿದ ಮರುದಿನವೇ ಗಾಡಿಯ ಅಡಿಭಾಗಕ್ಕೆ ಸಿಹಿ ನೀರು ಹೊಡೆಸಿ. ಉಪ್ಪು ಗಾಳಿ ಒಂದು ವಾರಕ್ಕೇ ಬೋಲ್ಟ್ ತಲೆಗಳನ್ನು ಕೆಂಪು ಮಾಡಿರುತ್ತದೆ. ಫೋಟೋ ತೆಗೆದಿದ್ದರೆ ಕಡಲಂಚಿನಲ್ಲಿ ಸ್ನೇಹವಾದವರಿಗೆ ಕಳಿಸಿ, ಆಮೆ ಗೂಡಿನ ಜಾಗ ಮಾತ್ರ ಎಲ್ಲೂ ಹಾಕಬೇಡಿ.

ಜೂನ್ 1ರಿಂದ ಜುಲೈ 31ರ ತನಕ ಅಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅವರನ್ನು ನಮ್ಮ ಮನೆಗೆ ಕರೆಯಲು ಅದೇ ಸರಿಯಾದ ಸಮಯ, ಬಸ್ಸಿನಲ್ಲಿ ಬರಲಿ. ಕಣಿಲೆ (ಎಳೆ ಬಿದಿರು) ಪಲ್ಯ ಇರುತ್ತದೆ, ಗದ್ದೆಯಲ್ಲಿ ಏಡಿ ಇರುತ್ತದೆ. ಹೋದ ವರ್ಷ ಬಂದವರೊಬ್ಬರು ಕಡಲ ಹಾವನ್ನು ಬರಿಗೈಯಲ್ಲಿ ಬಲೆಯಿಂದ ಬಿಡಿಸುವವರು. ತೋಟದಲ್ಲಿ ಕಾಲಿಗೆ ಜಿಗಣೆ ಹತ್ತಿದ್ದಕ್ಕೆ ಇಡೀ ಲೈನ್‌ಮನೆಗೆ ಕೇಳುವ ಹಾಗೆ ಕಿರುಚಿದರು.